ತುಟ್ಟಿ ಕಾಲದಲ್ಲಿ ತುಟ್ಟಿಭತ್ಯೆ ಯಾರಿಗೆ?

ಎಲ್ಲರಿಗೂ ನಮಸ್ಕಾರ. ಈ ಸಂಜೆ ನನಗೆ ಕೊಟ್ಟಿರುವ ವಿಷಯ ಹಣದುಬ್ಬರ. ಅದು ಪಠ್ಯಪುಸ್ತಕದ ಪದ. ದಾವಣಗೆರೆಯ ಮನೆಗಳಲ್ಲಿ ಅದಕ್ಕಿರುವ ಹೆಸರು ತುಟ್ಟಿ. ಬೇಳೆ ತುಟ್ಟಿಯಾಯಿತು, ಎಣ್ಣೆ ತುಟ್ಟಿಯಾಯಿತು, ಕಾಲವೇ ತುಟ್ಟಿಯಾಯಿತು ಎನ್ನುತ್ತೇವೆ. ನಾನು ಆ ಪದವನ್ನೇ ಹಿಡಿದು ಮಾತನಾಡುತ್ತೇನೆ. ಒಂದು ಕಾಲಕ್ಕೆ ಈ ಊರಿನ ಗಿರಣಿ ಕಾರ್ಮಿಕರ ಪಗಾರದ ಚೀಟಿಯ ಮೇಲೂ ಆ ಪದವಿತ್ತು.

ನಮ್ಮ ತಂದೆ ಇಲ್ಲಿನ ಹತ್ತಿ ಗಿರಣಿಯೊಂದರಲ್ಲಿ ಪಾಳಿಯ ಮೇಲೆ ದುಡಿದವರು. ಬಟವಾಡೆಯ ದಿನ ಅವರು ತರುತ್ತಿದ್ದ ಚೀಟಿಯಲ್ಲಿ ಮೂಲ ವೇತನದ ಪಕ್ಕದಲ್ಲಿ ತುಟ್ಟಿಭತ್ಯೆ ಎಂಬ ಕಲಮು ಇರುತ್ತಿತ್ತು. ಅಮ್ಮನಿಗೆ ಓದಲು ಬರುತ್ತಿರಲಿಲ್ಲ, ಆದರೆ ಆ ಕಲಮು ಎಲ್ಲಿದೆಯೆಂದು ಬೆರಳಿಟ್ಟು ತೋರಿಸುತ್ತಿದ್ದರು. “ಈ ಸಲ ಪಾಯಿಂಟ್ ಏರಿದೆಯೇ?” ಎಂದು ಕೇಳುತ್ತಿದ್ದರು. ಪಾಯಿಂಟ್ ಎಂದರೆ ಗ್ರಾಹಕ ಬೆಲೆ ಸೂಚ್ಯಂಕದ ಅಂಕ. ಪೇಟೆಯಲ್ಲಿ ಬೆಲೆ ಏರಿದರೆ ಸೂಚ್ಯಂಕ ಏರುತ್ತಿತ್ತು, ಸೂಚ್ಯಂಕ ಏರಿದರೆ ಭತ್ಯೆ ಏರುತ್ತಿತ್ತು. ಅದು ಪೂರ್ತಿ ಸಾಲುತ್ತಿರಲಿಲ್ಲ, ತಡವಾಗಿಯೂ ಬರುತ್ತಿತ್ತು. ಆದರೂ ಅದಕ್ಕಾಗಿ ಯಾರ ಮುಂದೆಯೂ ಕೈಕಟ್ಟಿ ನಿಲ್ಲಬೇಕಾಗಿರಲಿಲ್ಲ. ಕಾರ್ಮಿಕ ಸಂಘಗಳು ಬಲವಾಗಿದ್ದ ಊರು ಇದು. ಕಮ್ಯುನಿಸ್ಟ್ ಪಕ್ಷದ ಕಾರ್ಮಿಕ ನಾಯಕ ಪಂಪಾಪತಿಯವರನ್ನು 1978, 1983 ಮತ್ತು 1985ರಲ್ಲಿ ಸತತ ಮೂರು ಬಾರಿ ವಿಧಾನಸಭೆಗೆ ಕಳುಹಿಸಿದ ಊರು.

ಆಮೇಲೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಹಳೆಯ ನೆನಪಾಯಿತು. ಗಿರಣಿ ಹೋದದ್ದಕ್ಕೆ ಎಲ್ಲರೂ ಮರುಗುತ್ತಾರೆ. ಗಿರಣಿಯ ಜೊತೆಗೆ ಆ ಕಲಮೂ ಹೋಯಿತು ಎಂಬುದನ್ನು ಯಾರೂ ಆಡಿದ್ದು ನಾನು ಕೇಳಿಲ್ಲ. ಇಂದು ಈ ಊರಿನಲ್ಲಿ ದುಡಿಯುವ ಬಹುಪಾಲು ಜನರಿಗೆ ಬೆಲೆಯ ಹಿಂದೆ ತಾನಾಗಿ ನಡೆದುಬರುವ ಕೂಲಿ ಇಲ್ಲ. ಕೇಳಿದರೆ ಉಂಟು, ಕೇಳದಿದ್ದರೆ ಇಲ್ಲ. ಕೇಳುವ ಧೈರ್ಯವೂ ಕೆಲಸ ಎಷ್ಟು ಸಿಗುತ್ತದೆ ಎಂಬುದನ್ನೇ ಅವಲಂಬಿಸಿದೆ.

ಅಂಕಿಗಳ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಮೊದಲೇ ತೆಗೆದುಬಿಡುತ್ತೇನೆ. ಟೊಮೆಟೊ ಬೆಂಕಿಯಾಗಿದ್ದ 2023ರ ಜುಲೈನಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಶೇ 7.44 ಇತ್ತು. 2025ರ ಅಕ್ಟೋಬರ್‌ನಲ್ಲಿ ಅದು ಶೇ 0.25ಕ್ಕೆ ಇಳಿಯಿತು. ಪತ್ರಿಕೆಯಲ್ಲಿ ಅದನ್ನು ಓದಿ ನನ್ನ ಪಕ್ಕದ ಮನೆಯವರು, “ಹಾಗಾದರೆ ನಮ್ಮ ಬಾಡಿಗೆ ಏಕೆ ಇಳಿಯಲಿಲ್ಲ?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಹಣದುಬ್ಬರದ ದರ ಇಳಿಯಿತು ಎಂದರೆ ಬೆಲೆ ಏರುವ ವೇಗ ಇಳಿಯಿತು ಎಂದಷ್ಟೇ ಅರ್ಥ. ಆ ತಿಂಗಳು ತರಕಾರಿ ಹಿಂದಿನ ವರ್ಷಕ್ಕಿಂತ ನಿಜವಾಗಿಯೂ ಅಗ್ಗವಾಗಿತ್ತು. ಆದರೆ 2025ರ ಜನವರಿಯಲ್ಲಿ ಶೇ 15ರಷ್ಟು ಏರಿದ ಸರ್ಕಾರಿ ಬಸ್ ದರ ಹಿಂದಕ್ಕೆ ಹೋಗಲಿಲ್ಲ. ಆ ಏಪ್ರಿಲ್‌ನಲ್ಲಿ ಲೀಟರಿಗೆ 4 ರೂಪಾಯಿ ಏರಿದ ನಂದಿನಿ ಹಾಲಿನ ದರವೂ ಹಾಗೆಯೇ ಉಳಿಯಿತು. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಿಂದ ಬಸ್ಸಿನ ಖರ್ಚು ತಪ್ಪಿದೆ, ಅದು ದೊಡ್ಡ ಆಸರೆ. ಆದರೆ ಹರಿಹರದಿಂದ ದಿನವೂ ಬಂದುಹೋಗುವ ಗಂಡಸಿನ ಜೇಬಿನಿಂದ ಆ ಹಣ ಹೋಗುತ್ತಲೇ ಇದೆ. ತರಕಾರಿ ಏರಿದಂತೆ ಇಳಿಯುತ್ತದೆ. ಬಾಡಿಗೆ, ಶಾಲೆಯ ಶುಲ್ಕ, ಬಸ್ಸು, ಹಾಲು ಏರಿದ ಮೇಲೆ ಅಲ್ಲೇ ನಿಲ್ಲುತ್ತವೆ.

ಈಗ ಮಂಡಕ್ಕಿ ಭಟ್ಟಿಗೆ ಬರೋಣ. ಬೆಣ್ಣೆ ದೋಸೆಯಿಂದ ಊರಿಗೆ ಹೆಸರು ಬಂದಿರಬಹುದು. ದುಡಿಮೆಯ ಕಥೆ ತಿಳಿಯಬೇಕಾದರೆ ಮಾತ್ರ ಆಜಾದ್ ನಗರದ ಕಡೆಗೆ ಹೋಗಬೇಕು. ಭತ್ತವನ್ನು ನೆನೆಸಬೇಕು, ಬೇಯಿಸಬೇಕು, ಬಿಸಿಲಿಗೆ ಹರಡಬೇಕು, ಅಕ್ಕಿ ಮಾಡಿಸಬೇಕು, ಉಪ್ಪುನೀರು ಹಾಕಿ ಕಾದ ಮರಳಿನಲ್ಲಿ ಹುರಿಯಬೇಕು. ಬೆಳಕು ಹರಿಯುವ ಮುನ್ನವೇ ಒಲೆ ಹೊತ್ತಿರುತ್ತದೆ. ಗಂಡ ಹುರಿದರೆ ಹೆಂಡತಿ ಜರಡಿ ಹಿಡಿಯುತ್ತಾಳೆ. ಇಲ್ಲಿ ಕೂಲಿಗೆ ದಿನದ ಲೆಕ್ಕವಿಲ್ಲ, ಚೀಲದ ಲೆಕ್ಕ.

ಚೀಲದ ಲೆಕ್ಕದಲ್ಲಿ ಬೆಲೆ ಏರಿಕೆ ಕಣ್ಣಿಗೆ ಕಾಣದ ಹಾಗೆ ಕೆಲಸ ಮಾಡುತ್ತದೆ. ಒಂದು ಲೆಕ್ಕ ಹಾಕೋಣ. ಚೀಲಕ್ಕೆ ಇಷ್ಟು ಎಂದು ಗೊತ್ತುಪಡಿಸಿದ ದರ ಮೂರು ವರ್ಷ ಬದಲಾಗಲಿಲ್ಲ, ಮನೆಯ ಖರ್ಚು ವರ್ಷಕ್ಕೆ ಶೇ 6ರಂತೆ ಏರಿತು ಎಂದಿಟ್ಟುಕೊಳ್ಳಿ. ಮೂರನೆಯ ವರ್ಷದ ಕೊನೆಗೆ ಮೊದಲು ಹತ್ತು ಚೀಲದಲ್ಲಿ ನಡೆಯುತ್ತಿದ್ದ ಸಂಸಾರಕ್ಕೆ ಸುಮಾರು ಹನ್ನೆರಡು ಚೀಲ ಬೇಕು. ದರ ಯಾರೂ ಇಳಿಸಲಿಲ್ಲ, ಆದ್ದರಿಂದ ಜಗಳವಿಲ್ಲ. ದುಡಿಯುವ ತಾಸು ಮಾತ್ರ ಉದ್ದವಾಯಿತು. ಆ ಎರಡು ಚೀಲವನ್ನು ತುಂಬುವವರು ಯಾರು? ಎಷ್ಟೋ ಮನೆಗಳಲ್ಲಿ ಶಾಲೆಗೆ ಹೊರಡುವ ಮುನ್ನ ಭಟ್ಟಿಗೆ ಬರುವ ಮಗು. ನನ್ನ ತರಗತಿಯ ಮುಂದಿನ ಬೆಂಚಿನಲ್ಲಿ ಕುಳಿತು ತೂಕಡಿಸಿದ ಮಕ್ಕಳನ್ನು ನಾನು ಮೊದಮೊದಲು ಗದರಿಸುತ್ತಿದ್ದೆ. ಅವರ ಮನೆಯ ಲೆಕ್ಕ ತಿಳಿದ ಮೇಲೆ ಗದರಿಸಲು ನಾಲಿಗೆ ಏಳಲಿಲ್ಲ.

ಭಟ್ಟಿಯ ಒಡೆಯರೆಲ್ಲ ಕಟುಕರು ಎಂದು ನಾನು ಹೇಳುತ್ತಿಲ್ಲ. ಭತ್ತ, ಉರುವಲು, ಸಾಗಣೆ ಎಲ್ಲವೂ ಅವರಿಗೂ ಏರಿವೆ. ಮಂಡಕ್ಕಿ ಬಡವರ ತಿನಿಸಾದ್ದರಿಂದ ಅದರ ಬೆಲೆಯನ್ನು ಮನಬಂದಂತೆ ಏರಿಸಲಾಗದು. ಮೇಲಿನಿಂದ ಒತ್ತಿದ ಭಾರ ಕೆಳಗಿಳಿಯುತ್ತ ಬಂದು, ಇನ್ನು ಯಾರ ಮೇಲೂ ಹೊರಿಸಲಾಗದವರ ಬೆನ್ನಿನ ಮೇಲೆ ನಿಲ್ಲುತ್ತದೆ.

ಮಂಡಕ್ಕಿಯ ಜೊತೆಗಿನ ಮೆಣಸಿನಕಾಯಿ ಬಜ್ಜಿಗೆ ಎಣ್ಣೆ ಬೇಕಲ್ಲ, ಅದರ ಕಥೆಯೂ ಸರಳವಲ್ಲ. ದೇಶಕ್ಕೆ ಬೇಕಾದ ಖಾದ್ಯ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆಮದು ಸುಂಕ ಏರಿಸಿದ್ದು ಎಣ್ಣೆಕಾಳು ಬೆಳೆಯುವ ರೈತರ ಹಿತಕ್ಕಾಗಿ. ಚಳ್ಳಕೆರೆಯ ಶೇಂಗಾ ರೈತನ ಕಡೆಯಿಂದ ನೋಡಿದರೆ ಅದನ್ನು ಬೇಡವೆನ್ನಲು ನನಗೆ ಮನಸ್ಸು ಬಾರದು. ಒಬ್ಬರ ತುಟ್ಟಿ ಇನ್ನೊಬ್ಬರ ಅನ್ನವಾಗಿರುತ್ತದೆ. ಬೆಲೆ ಇಳಿಸಿ ಎಂಬ ಕೂಗಿಗಿಂತ ಕೂಲಿ ಏರಿಸಿ ಎಂಬ ಕೂಗು ನನಗೆ ಹೆಚ್ಚು ಸರಿ ಎನಿಸುವುದು ಇದಕ್ಕೇ.

“ಬೆಲೆ ಏರಿದರೆ ಕೂಲಿಯೂ ಏರುತ್ತದೆ, ಚಿಂತೆ ಏಕೆ?” ಎನ್ನುವವರು ಇದ್ದಾರೆ. ಭದ್ರಾ ನಾಲೆಯಲ್ಲಿ ನೀರು ತುಂಬಿ ಹರಿಯುವ ವರ್ಷ ಅದು ನಿಜ. ನಾಟಿಯ ಹಂಗಾಮಿನಲ್ಲಿ ಆಳು ಸಿಗುವುದಿಲ್ಲ, ಗುತ್ತಿಗೆಯ ದರವನ್ನು ಹೆಣ್ಣಾಳುಗಳ ತಂಡವೇ ಹೇಳುತ್ತದೆ. 2023ರ ಬರವನ್ನು ನೆನಪಿಸಿಕೊಳ್ಳಿ. ನಾಲೆಯ ನೀರಿಗಾಗಿ ಇದೇ ಊರಿನಲ್ಲಿ ರೈತರು ಬೀದಿಗಿಳಿದಿದ್ದರು. ಬೆಳೆ ಇಲ್ಲದ್ದರಿಂದ ಅಕ್ಕಿ, ಬೇಳೆ ತುಟ್ಟಿಯಾದವು. ಬೆಳೆ ಇಲ್ಲದ್ದರಿಂದಲೇ ನಾಟಿಯೂ ಇಲ್ಲ, ಕೊಯ್ಲೂ ಇಲ್ಲ. ಬೆಲೆಯನ್ನು ಏರಿಸಿದ ಕಾರಣವೇ ಕೆಲಸವನ್ನೂ ಕಿತ್ತುಕೊಂಡಿತು. ಕೂಲಿಗೆ ಅತ್ಯಂತ ಹೆಚ್ಚು ಬೆಲೆ ಬೇಕಾಗಿದ್ದ ದಿನಗಳಲ್ಲಿ ಅದನ್ನು ಕೇಳುವ ಬಲ ಅತ್ಯಂತ ಕಡಿಮೆ ಇತ್ತು.

ಅಂಥ ಹೊತ್ತಿಗೆ ನೆರವಾಗುವುದು ಬರೆದಿಟ್ಟ ನಿಯಮ. ಉದ್ಯೋಗ ಖಾತ್ರಿಯ ಕೂಲಿ ಕರ್ನಾಟಕದಲ್ಲಿ 2023-24ರಲ್ಲಿ ದಿನಕ್ಕೆ 316 ರೂಪಾಯಿ ಇದ್ದದ್ದು ಮರುವರ್ಷ 349, 2025-26ಕ್ಕೆ 370 ಆಯಿತು. ಇದು ಸಾಲದು ಎಂದು ನಾನೂ ಹೇಳುತ್ತೇನೆ. ಆದರೂ ಕೃಷಿ ಕಾರ್ಮಿಕರ ಬೆಲೆ ಸೂಚ್ಯಂಕಕ್ಕೆ ಕಟ್ಟಿದ್ದರಿಂದ ಯಾರೂ ಕಾಲು ಹಿಡಿಯದೆ ಏರಿತು.

ಕೆಲಸಕ್ಕೆ ಸೇರಿಸಿಕೊಳ್ಳುವ ರೀತಿಯೂ ಬದಲಾಗಿದೆ. ಪರಿಚಯದ ಹೋಟೆಲಿನವರೊಬ್ಬರು ಹೇಳಿದ ಮಾತು ಇದು: “ದೊಡ್ಡ ಸಿಲಿಂಡರ್ ದರ ತಿಂಗಳ ಒಂದನೇ ತಾರೀಖಿಗೆ ಬದಲಾಗುತ್ತದೆ ಸರ್, ನನ್ನ ಬೋರ್ಡಿನ ದರ ತಿಂಗಳಿಗೊಮ್ಮೆ ಬದಲಿಸಿದರೆ ಗಿರಾಕಿ ಬರುವುದಿಲ್ಲ.” ಅವರು ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ. ಲೋಟ ತೊಳೆಯುತ್ತಿದ್ದ ಹುಡುಗ ಊರಿಗೆ ಹೋದ ಮೇಲೆ ಅವನ ಜಾಗಕ್ಕೆ ಇನ್ನೊಬ್ಬನನ್ನು ತೆಗೆದುಕೊಳ್ಳಲಿಲ್ಲ, ಅಷ್ಟೇ. ಸಪ್ಲೈಯರ್ ಈಗ ಲೋಟವನ್ನೂ ತೊಳೆಯುತ್ತಾನೆ, ಪಗಾರ ಹಿಂದಿನದೇ. ಬಟ್ಟೆ ಅಂಗಡಿಗಳಲ್ಲಿ ತಿಂಗಳ ಪಗಾರದವರ ಬದಲು ಹಬ್ಬಕ್ಕೆ ಮತ್ತು ಮದುವೆ ಕಾಲಕ್ಕೆ ದಿನಗೂಲಿಯವರು ಬಂದಿದ್ದಾರೆ. ಕೆಲಸ ಕಳೆದುಕೊಂಡವನ ಮುಖ ಎಲ್ಲಿಯೂ ಕಾಣುವುದಿಲ್ಲ. ಹುಟ್ಟಬೇಕಾಗಿದ್ದ ಕೆಲಸ ಹುಟ್ಟದೇ ಹೋಗುತ್ತದೆ. ಪದವಿ ಮುಗಿಸಿ ವಿದ್ಯಾನಗರದ ಕೊಠಡಿಗಳಲ್ಲಿ ಕಾಯುತ್ತಿರುವ ಮಕ್ಕಳಿಗೆ ಇದರ ಬಿಸಿ ಗೊತ್ತು.

ವಯಸ್ಸಾದವರ ಮಾತು ಆಡದೆ ಇದನ್ನು ಮುಗಿಸಲಾರೆ. ಕಾರ್ಮಿಕರ ಭವಿಷ್ಯ ನಿಧಿಯ ಪಿಂಚಣಿಗೆ 2014ರ ಸೆಪ್ಟೆಂಬರ್‌ನಲ್ಲಿ ತಿಂಗಳಿಗೆ 1,000 ರೂಪಾಯಿ ಕನಿಷ್ಠ ಎಂದು ಗೊತ್ತುಪಡಿಸಿದರು. ಹತ್ತು ವರ್ಷ ಕಳೆದರೂ ಅದು 1,000ವೇ. ಅದಕ್ಕೆ ತುಟ್ಟಿಭತ್ಯೆ ಇಲ್ಲ. ವರ್ಷಕ್ಕೆ ಶೇ 5ರಂತೆ ಬೆಲೆ ಏರಿದೆ ಎಂದು ಹಿಡಿದರೂ ಹತ್ತು ವರ್ಷದ ನಂತರ ಆ ಸಾವಿರಕ್ಕೆ ಬರುವುದು ಮೊದಲಿನ 614 ರೂಪಾಯಿಯ ಸಾಮಾನು. ಯೌವನವಿಡೀ ಪಾಯಿಂಟ್ ಎಣಿಸಿ ಭತ್ಯೆ ಪಡೆದ ಗಿರಣಿ ಕಾರ್ಮಿಕರಿಗೆ, ದುಡಿಯುವ ಶಕ್ತಿ ಉಡುಗಿದ ಮೇಲೆ ಆ ಕಲಮೇ ಇಲ್ಲವಾಯಿತು. ಇದು ನನ್ನನ್ನು ಸಿಟ್ಟಿಗೆಬ್ಬಿಸುತ್ತದೆ, ಮುಚ್ಚಿಡುವುದಿಲ್ಲ.

ನ್ಯಾಯವಾದ ಕೂಲಿ ಎಷ್ಟು ಎಂದು ಲೆಕ್ಕ ಹಾಕುವುದು ನಮ್ಮ ದೇಶಕ್ಕೆ ಗೊತ್ತಿಲ್ಲದ್ದೇನಲ್ಲ. 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಅದನ್ನು ಬರೆದಿಟ್ಟಿದೆ: ಒಬ್ಬ ವಯಸ್ಕನಿಗೆ ದಿನಕ್ಕೆ 2,700 ಕ್ಯಾಲರಿ, ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಉರುವಲು, ದೀಪ. 1991ರಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಓದು, ಔಷಧ, ಹಬ್ಬ, ಮುಪ್ಪು, ಮದುವೆಗೆಂದು ಇನ್ನೂ ಶೇ 25 ಸೇರಬೇಕು ಎಂದಿತು. ಬಟ್ಟೆ ನೇಯ್ದ ಊರಿನಲ್ಲಿ ನಿಂತು ಆ 72 ಗಜವನ್ನು ಓದುವಾಗ ನನಗೆ ಗಂಟಲು ಕಟ್ಟುತ್ತದೆ. ರಾಜ್ಯದ ಕನಿಷ್ಠ ವೇತನಕ್ಕೂ ವ್ಯತ್ಯಾಸವಾಗುವ ತುಟ್ಟಿಭತ್ಯೆ ಉಂಟು, ಪ್ರತಿ ಏಪ್ರಿಲ್‌ನಲ್ಲಿ ಹೊಸ ದರ ಬರುತ್ತದೆ. ನಿಮ್ಮ ಅಂಗಡಿಗೆ, ನಿಮ್ಮ ಹೋಟೆಲಿಗೆ ಈ ವರ್ಷದ ದರ ಎಷ್ಟು ಎಂದು ಇಲ್ಲಿ ಕುಳಿತ ಎಷ್ಟು ಜನರಿಗೆ ಗೊತ್ತು? ಕೈ ಎತ್ತಿ ನೋಡೋಣ.

ಮೂರು ಕೈ ಕಾಣುತ್ತಿವೆ. ಮಾಲೀಕರೂ ಇಲ್ಲಿದ್ದೀರಿ, ಕೆಲಸಗಾರರೂ ಇದ್ದೀರಿ. ಮುಂದಿನ ಭಾನುವಾರ ಇದೇ ಹೊತ್ತಿಗೆ ಆ ದರಪಟ್ಟಿಯನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ತರುತ್ತೇನೆ. ನೀವು ಮನೆಯ ಉದ್ರಿ ಪುಸ್ತಕ ತನ್ನಿ, ಹೋದ ವರ್ಷದ್ದಿದ್ದರೆ ಅದನ್ನೂ ತನ್ನಿ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದೋಣ. ಈಗ ಪ್ರಶ್ನೆಗಳು. ಹಿಂದೆ ಕುಳಿತಿರುವ ಭಟ್ಟಿಯ ಅಕ್ಕಂದಿರು ಮೊದಲು ಕೇಳಲಿ, ಅವರು ನಸುಕಿಗೇ ಏಳಬೇಕು.