ಹಿಪ್ಪುನೇರಳೆ ತೋಟದಲ್ಲಿ ಅರ್ಧ ಸೆಕೆಂಡು

ಎಲ್ಲರಿಗೂ ನಮಸ್ಕಾರ.

ಏಪ್ರಿಲ್ ಕೊನೆಯ ಒಂದು ಬೆಳಿಗ್ಗೆ ನಾವು ನಾಲ್ವರು ಗೆಳೆಯರು ಶಿಡ್ಲಘಟ್ಟದ ಕಡೆಯ ಒಂದು ಹಿಪ್ಪುನೇರಳೆ ತೋಟದಲ್ಲಿ ದೂರದರ್ಶಕ ನಿಲ್ಲಿಸಿಕೊಂಡು ಕುಳಿತಿದ್ದೆವು. ಹುಳುಗಳಿಗೆ ಸೊಪ್ಪು ಕೊಯ್ಯಲು ಬಂದ ತೋಟದ ಯಜಮಾನರು ಸ್ವಲ್ಪ ಹೊತ್ತು ನಮ್ಮನ್ನೇ ನೋಡುತ್ತ ನಿಂತರು. ಆಮೇಲೆ ಕೇಳಿದರು: “ಸೂರ್ಯ ಎಲ್ಲ ಊರಿಗೂ ಒಬ್ಬನೇ ಅಲ್ಲವೇನಪ್ಪಾ? ಅವನನ್ನು ನೋಡಲು ಚಿಕ್ಕಬಳ್ಳಾಪುರ ಬಿಟ್ಟು ನನ್ನ ತೋಟಕ್ಕೇ ಯಾಕೆ ಬಂದಿರಿ?”

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸೂರ್ಯನ ಬಿಂಬವನ್ನು ದಾಟುವ ಗಳಿಗೆಯನ್ನು ಚಿತ್ರದಲ್ಲಿ ಹಿಡಿಯುವುದು ನಮ್ಮ ಹವ್ಯಾಸ. ಅದರ ತಿರುಳನ್ನು ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಇಂದಿನ ಮಾತು ಆ ಪ್ರಶ್ನೆಗೆ ಉತ್ತರ.

ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದ ಎದುರು ಹುಣ್ಣಿಮೆಯ ರಾತ್ರಿ ನಿಂತಿದ್ದೀರಿ ಎಂದುಕೊಳ್ಳಿ. ಶಿಖರದ ತುದಿ ಚಂದ್ರನ ನಟ್ಟನಡುವೆ ಕಾಣುತ್ತಿದೆ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಚಂದ್ರ ಶಿಖರವನ್ನು ಬಿಟ್ಟು ಆಚೆ ಹೋಗಿರುತ್ತಾನೆ. ಶಿಖರ ಹತ್ತಿರದ್ದು, ಚಂದ್ರ ದೂರದವನು, ಅದಕ್ಕೇ ಹೀಗೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ನಮ್ಮಿಂದ ಸುಮಾರು 420 ಕಿಲೋಮೀಟರ್ ಎತ್ತರದಲ್ಲಿದೆ, ಸೂರ್ಯ 15 ಕೋಟಿ ಕಿಲೋಮೀಟರ್ ದೂರದಲ್ಲಿದ್ದಾನೆ. ಇವೆರಡೂ ನಮ್ಮ ಕಣ್ಣಿನ ನೇರಕ್ಕೆ ಬರುವ ಜಾಗ ನೆಲದ ಮೇಲೆ ಒಂದು ಪಟ್ಟಿಯಂತೆ ಓಡುತ್ತದೆ. ಸೂರ್ಯ ನೆತ್ತಿಯ ಮೇಲಿದ್ದಾಗ ಆ ಪಟ್ಟಿಯ ಅಗಲ ನಾಲ್ಕು ಕಿಲೋಮೀಟರಿನ ಆಸುಪಾಸು. ಅಂದು ಪಟ್ಟಿಯ ನಡುಗೆರೆ ಹಾದುಹೋದದ್ದು ಆ ತೋಟದ ಮೇಲೆ. ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಎಷ್ಟೇ ಬೆಲೆಬಾಳುವ ದೂರದರ್ಶಕ ಇಟ್ಟಿದ್ದರೂ ಸೂರ್ಯ ಮಾತ್ರ ಸಿಗುತ್ತಿದ್ದ.

ನಿಲ್ದಾಣ ಸೆಕೆಂಡಿಗೆ ಸುಮಾರು ಏಳೂವರೆ ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡುತ್ತದೆ. ನೆತ್ತಿಯ ಮೇಲೆ ಬಂದಾಗ ಸೂರ್ಯನ ಬಿಂಬವನ್ನು ಅರ್ಧ ಸೆಕೆಂಡಿನಲ್ಲಿ ದಾಟಿಬಿಡುತ್ತದೆ. ಸೂರ್ಯ ಕೆಳಗಿದ್ದಾಗ ನಿಲ್ದಾಣ ನಮ್ಮಿಂದ ದೂರ, ಹಾಗಾಗಿ ದಾಟಲು ಹೆಚ್ಚು ಹೊತ್ತು ಹಿಡಿಯುತ್ತದೆ. ಆದರೆ ಚುಕ್ಕೆಯಂತೆ ಸಣ್ಣದಾಗಿ ಕಾಣುತ್ತದೆ. ನನಗೆ ಏಪ್ರಿಲ್ ಕೊನೆಯ ವಾರವೇ ಪ್ರಿಯ. ನಮ್ಮ ಜಿಲ್ಲೆಯಲ್ಲಿ ಆಗ ನಡುಹಗಲಿನ ಸೂರ್ಯ ನೆತ್ತಿಗೆ ಬರುತ್ತಾನೆ, ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಆ ದಿನಗಳಲ್ಲಿ ನಡುಹಗಲಿನ ಹೊತ್ತಿಗೆ ದಾಟುವಿಕೆ ಒದಗಿದರೆ ನಿಲ್ದಾಣದ ಸೌರಫಲಕಗಳ ರೆಕ್ಕೆಗಳನ್ನು ಬಿಡಿಬಿಡಿಯಾಗಿ ಹಿಡಿಯಬಹುದು.

ಚಿತ್ರ ತೆಗೆಯುವಾಗ ವೇಗವನ್ನು ಮೀಟರಿನಲ್ಲಿ ಯೋಚಿಸಿ. ಸೆಕೆಂಡಿನ ಸಾವಿರದ ಒಂದು ಭಾಗ ಷಟರ್ ತೆರೆದಿದ್ದರೂ ಅಷ್ಟರಲ್ಲಿ ನಿಲ್ದಾಣ ಏಳು ಮೀಟರ್ ದಾಟಿ ಮುಂದೆ ಹೋಗಿರುತ್ತದೆ. ಅದರ ಒಟ್ಟು ಉದ್ದ 109 ಮೀಟರ್. ನಾಲ್ಕು ಸಾವಿರದ ಒಂದು ಭಾಗಕ್ಕೆ ಇಳಿಸಿದರೆ ಕಲೆಸುವುದು ಎರಡು ಮೀಟರಿಗಿಂತ ಕಡಿಮೆ. ಸೆಕೆಂಡಿಗೆ 60 ಚಿತ್ರ ಹಿಡಿಯುವ ವಿಡಿಯೋ ಇಟ್ಟರೆ ಅರ್ಧ ಸೆಕೆಂಡಿಗೆ ಮೂವತ್ತು ಚಿತ್ರ. ಬೆರಳನ್ನು ನಂಬಬೇಡಿ; ಐದಾರು ಸೆಕೆಂಡು ಮೊದಲೇ ವಿಡಿಯೋ ಶುರು ಮಾಡಿ. ಫೋಕಸ್ ಸರಿಪಡಿಸಲು ಸೌರಕಲೆಗಳ, ಅಂದರೆ ಸೂರ್ಯನ ಮೇಲಿನ ಕಪ್ಪು ಮಚ್ಚೆಗಳ, ಅಂಚು ಸಾಕು.

ಇನ್ನು ಪಟ್ಟಿ ಎಲ್ಲಿ, ಯಾವ ಗಳಿಗೆಗೆ ಹಾಯುತ್ತದೆ ಎಂಬ ಲೆಕ್ಕದ ಮಾತು. ನಮ್ಮ ಮೊದಲ ಪ್ರಯತ್ನ ಹಾಳಾದದ್ದು ಮೋಡದಿಂದಲ್ಲ. ಹಲವು ದಿನ ಹಳೆಯ ಲೆಕ್ಕವನ್ನು ನಂಬಿದ್ದರಿಂದ. ಅಷ್ಟು ಎತ್ತರದಲ್ಲಿಯೂ ತೆಳುವಾದ ಗಾಳಿ ಇದೆ, ಅದು ನಿಲ್ದಾಣವನ್ನು ದಿನದಿನವೂ ಕೆಳಕ್ಕೆ ಎಳೆಯುತ್ತದೆ. ಆಗಾಗ ಎಂಜಿನ್ ಉರಿಸಿ ಮತ್ತೆ ಮೇಲಕ್ಕೇರಿಸುತ್ತಾರೆ. ಹೀಗಾಗಿ ನಿಲ್ದಾಣ ಬರಬೇಕಾದ ಗಳಿಗೆಗಿಂತ ಹತ್ತು ಸೆಕೆಂಡು ತಡವಾಯಿತು ಎಂದುಕೊಳ್ಳಿ. ಅಷ್ಟರಲ್ಲಿ ಭೂಮಿ ತನ್ನ ಅಕ್ಷದಲ್ಲಿ ತಿರುಗಿ, ನಾವು ನಿಂತ ನೆಲ ಪೂರ್ವಕ್ಕೆ ಸುಮಾರು ನಾಲ್ಕೂವರೆ ಕಿಲೋಮೀಟರ್ ಸರಿದಿರುತ್ತದೆ. ಪಟ್ಟಿ ಪಕ್ಕದ ಊರಿನ ಮೇಲೆ ಹೋಯಿತು! ಅಂದಿನಿಂದ ನಾವು ಹಿಂದಿನ ರಾತ್ರಿಯ ಲೆಕ್ಕವನ್ನು ಮಾತ್ರ ನೆಚ್ಚುತ್ತೇವೆ.

ಇಲ್ಲಿ ಮಕ್ಕಳಿದ್ದಾರೆ, ಹಾಗಾಗಿ ಈ ಮಾತನ್ನು ನಿಧಾನವಾಗಿ ಹೇಳುತ್ತೇನೆ. ಫಿಲ್ಟರ್ ಇಲ್ಲದ ದೂರದರ್ಶಕದಲ್ಲಿ ಸೂರ್ಯನನ್ನು ನೋಡಿದರೆ ಕ್ಷಣದಲ್ಲಿ ಕಣ್ಣು ಹೋಗುತ್ತದೆ, ಮತ್ತೆ ಬರುವುದಿಲ್ಲ. ಸೂರ್ಯನಿಗೆಂದೇ ತಯಾರಿಸಿದ ಫಿಲ್ಟರ್ ಹಾಳೆ ಬೆಳಕಿನ ಲಕ್ಷದಲ್ಲಿ ಒಂದು ಪಾಲನ್ನು ಮಾತ್ರ ಒಳಗೆ ಬಿಡುತ್ತದೆ. ಅದನ್ನು ಕೊಳವೆಯ ಮುಂಬಾಯಿಗೆ, ಗಾಳಿಗೆ ಹಾರದಂತೆ ಬಿಗಿಯಾಗಿ ಕಟ್ಟಬೇಕು. ಕಣ್ಣಿಡುವ ಕಡೆ ಹಾಕುವ ಗಾಜು ಬಿಸಿಗೆ ಸೀಳಬಹುದು. ಎಕ್ಸ್‌ರೇ ಹಾಳೆ, ಮಸಿ ಹಿಡಿಸಿದ ಗಾಜು, ತಂಪು ಕನ್ನಡಕ ಯಾವುದೂ ಬೇಡ. ಪಕ್ಕದಲ್ಲಿರುವ ಸಣ್ಣ ದರ್ಶಕವನ್ನು ಮುಚ್ಚಿಡಿ. ಕಟ್ಟುವ ಮೊದಲು ಹಾಳೆಯನ್ನು ಪ್ರತಿ ಸಲವೂ ದೀಪದ ಮುಂದೆ ಹಿಡಿದು ಸೂಜಿಮೊನೆಯಷ್ಟಾದರೂ ತೂತಿದೆಯೇ ನೋಡಿ.

ಫ್ರಾನ್ಸಿನ ಖಗೋಳ ಛಾಯಾಗ್ರಾಹಕ ಥಿಯೆರಿ ಲೆಗೋ ಅವರು 2006ರ ಸೆಪ್ಟೆಂಬರಿನಲ್ಲಿ ನಿಲ್ದಾಣವನ್ನೂ ಅದರಿಂದ ಆಗಷ್ಟೇ ಬೇರ್ಪಟ್ಟಿದ್ದ ಅಟ್ಲಾಂಟಿಸ್ ಬಾಹ್ಯಾಕಾಶ ನೌಕೆಯನ್ನೂ ಸೂರ್ಯನ ಮುಂದೆ ಒಂದೇ ಚಿತ್ರದಲ್ಲಿ ಹಿಡಿದರು. ಅದಕ್ಕಾಗಿ ಅವರು ತಮ್ಮ ದೇಶದ ನಾರ್ಮಂಡಿ ಪ್ರಾಂತ್ಯದವರೆಗೆ ಹೋಗಿದ್ದರು. ನಾವು ಶಿಡ್ಲಘಟ್ಟಕ್ಕೆ ಹೋದೆವು. ಕಾರಣ ಎರಡೂ ಕಡೆ ಒಂದೇ.

ನಮ್ಮ ಜಿಲ್ಲೆಗೂ ಸೂರ್ಯನಿಗೂ ಹಳೆಯ ನಂಟಿದೆ. ಗೌರಿಬಿದನೂರಿನ ಬಳಿ ಭಾರತೀಯ ಖಭೌತ ಸಂಸ್ಥೆಯ ರೇಡಿಯೊ ವೀಕ್ಷಣಾಲಯವಿದೆ. ಸೂರ್ಯನ ಹೊರ ವಾತಾವರಣದಿಂದ ಬರುವ ರೇಡಿಯೊ ಅಲೆಗಳನ್ನು ಅಲ್ಲಿನ ಆಂಟೆನಾಗಳು ಮೋಡ ಕವಿದ ದಿನವೂ ಹಿಡಿಯುತ್ತವೆ. ಆ ಸೌಲಭ್ಯ ನಮಗಿಲ್ಲ. ನಾವು ಮೋಡ ಸರಿಯುವುದನ್ನೇ ಕಾಯಬೇಕು.

ಅಂದು ತೋಟದಲ್ಲಿ ಮೋಡವಿರಲಿಲ್ಲ. ಪರದೆಯ ಮೇಲೆ ಕಪ್ಪು ಗುರುತೊಂದು ಸರ್ರನೆ ಹಾದುಹೋಯಿತು. ವಿಡಿಯೋವನ್ನು ಒಂದೊಂದೇ ಚಿತ್ರವಾಗಿ ನಿಲ್ಲಿಸಿ ಯಜಮಾನರಿಗೆ ತೋರಿಸಿದೆವು. ಪಕ್ಕದಲ್ಲೇ ಒಂದು ಸೌರಕಲೆ ಇತ್ತು, ಎರಡೂ ಹೆಚ್ಚು ಕಡಿಮೆ ಒಂದೇ ಗಾತ್ರ. ಆದರೆ ಸೂರ್ಯನ ಮೇಲೆ ಅಷ್ಟು ಜಾಗ ಎಂದರೆ ಭೂಮಿಯಂಥ ಮೂರು ಗೋಳಗಳನ್ನು ಸಾಲಾಗಿ ಇಟ್ಟಷ್ಟು ಉದ್ದ. ಅದನ್ನು ಮರೆಮಾಡಿದ್ದು ಮನುಷ್ಯರು ಕಟ್ಟಿದ 109 ಮೀಟರಿನ ಒಂದು ವಸ್ತು. 2000ದ ನವೆಂಬರ್ 2ರಿಂದ ಇಂದಿನವರೆಗೆ ಅದರೊಳಗೆ ಯಾರಾದರೊಬ್ಬರು ಇದ್ದೇ ಇದ್ದಾರೆ. 2025ರ ಜೂನ್–ಜುಲೈನಲ್ಲಿ ನಮ್ಮ ಶುಭಾಂಶು ಶುಕ್ಲಾ ಅವರೂ ಅಲ್ಲಿ ಹದಿನೆಂಟು ದಿನ ಕಳೆದರು. 2030ರ ನಂತರ ಅದನ್ನು ಸಾಗರಕ್ಕೆ ಇಳಿಸುವ ಯೋಜನೆ ಇದೆ. ನಮ್ಮ ಕೈಯಲ್ಲಿರುವುದು ಕೆಲವೇ ಬೇಸಿಗೆಗಳು.

ಯಜಮಾನರು ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. “ಇದರೊಳಗೆ ಜನ ಇದ್ದಾರೆಯೇ?” ಎಂದರು. ಆರು ಮಂದಿಯೋ ಏಳು ಮಂದಿಯೋ ಇರಬಹುದು ಎಂದೆವು. ಮೊನ್ನೆ ಅವರೇ ದೂರವಾಣಿ ಮಾಡಿದ್ದರು. ಮಗಳನ್ನು ಚಿಂತಾಮಣಿಗೆ ಕೊಟ್ಟಿದ್ದಾರಂತೆ. ಮೊಮ್ಮಗನಿಗೂ ಇದನ್ನು ತೋರಿಸಬೇಕಂತೆ. ಮುಂದಿನ ಗೆರೆ ಆ ಕಡೆ ಯಾವಾಗ ಹಾದುಹೋಗುತ್ತದೆ ಎಂದು ಕೇಳಿದರು. ಇಂದು ರಾತ್ರಿ ಲೆಕ್ಕ ಹಾಕಲು ಕೂರುತ್ತೇನೆ. ಜೊತೆಗೆ ಬರುವವರು ಹೋಗುವ ಮುನ್ನ ಹೆಸರು ಬರೆಸಿ.