ಮಣ್ಣಿಗೆ ಹಸಿರು ಬಣ್ಣ ಬಳಿದ ವರ್ಷ

ಕೇಳುಗರೆಲ್ಲರಿಗೂ ನಮಸ್ಕಾರ.

ಹಾಕಿ ನೋಡುವವರ ಬಾಯಲ್ಲಿ ‘ಆಸ್ಟ್ರೋ ಟರ್ಫ್’ ಅನ್ನುವ ಮಾತನ್ನು ನೀವು ಕೇಳಿಯೇ ಇರುತ್ತೀರಿ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಕೃತಕ ಹುಲ್ಲಿನ ಮೇಲೆ ಹಾಕಿ ಆಡಿಸಿದರು. ನಮ್ಮ ಕೊಡಗಿನ ಬಿ.ಪಿ. ಗೋವಿಂದ ಅವರಿದ್ದ ಭಾರತ ತಂಡ ಅಲ್ಲಿ ಏಳನೇ ಸ್ಥಾನಕ್ಕೆ ಇಳಿಯಿತು. ಆ ಪ್ಲಾಸ್ಟಿಕ್ ಹುಲ್ಲನ್ನು ಅವತ್ತಿನಿಂದ ಬೈದವರು ಒಬ್ಬಿಬ್ಬರಲ್ಲ. ಟರ್ಫ್ ಅಂದರೆ ಹುಲ್ಲುಹಾಸು, ಸರಿ. ಈ ‘ಆಸ್ಟ್ರೋ’ ಎಲ್ಲಿಂದ ಬಂತು? ಅದಕ್ಕೆ ಅಮೆರಿಕದ ಹ್ಯೂಸ್ಟನ್ ಊರಿಗೆ, 1965ಕ್ಕೆ ಹೋಗಬೇಕು. ಹಾಕಿಗೂ ಅದಕ್ಕೂ ಸಂಬಂಧವೇ ಇಲ್ಲ. ಅದು ಬೇಸ್‌ಬಾಲ್ ಕಥೆ.

ಹ್ಯೂಸ್ಟನ್ನಿನ ತಂಡ ಆಗಿನ್ನೂ ಹೊಸದು. 1962ರಲ್ಲಿ ಹುಟ್ಟಿದ್ದು. ಮೊದಲ ಮೂರು ವರ್ಷ ಅವರು ಆಡಿದ್ದು ತಾತ್ಕಾಲಿಕವಾಗಿ ಕಟ್ಟಿದ ಬಯಲು ಮೈದಾನದಲ್ಲಿ. ಟೆಕ್ಸಸ್‌ನ ಬಿಸಿಲು, ಬೆವರು ಒಂದು ಕಡೆ. ಸಂಜೆಯಾದರೆ ಸೊಳ್ಳೆಗಳ ಕಾಟ ಇನ್ನೊಂದು ಕಡೆ. ಆಟ ನೋಡೋಕೆ ಬಂದವರು ಚಪ್ಪಾಳೆ ತಟ್ಟುತ್ತಿದ್ದರೋ, ಸೊಳ್ಳೆ ಹೊಡೆಯುತ್ತಿದ್ದರೋ, ಹೇಳುವುದು ಕಷ್ಟ.

ರಾಯ್ ಹಾಫ್‌ಹೈನ್ಜ್ ಅನ್ನುವವರು ಇದಕ್ಕೊಂದು ದಾರಿ ಹುಡುಕಿದರು. ಹಿಂದೆ ನ್ಯಾಯಾಧೀಶರಾಗಿದ್ದವರು, ಊರಿನ ಮೇಯರೂ ಆಗಿದ್ದವರು. ಇಡೀ ಮೈದಾನಕ್ಕೇ ಚಾವಣಿ ಹಾಕಿ ಏಸಿ ಕೂರಿಸಿಬಿಡೋಣ ಅಂದರು. ಅಂದಿದ್ದಷ್ಟೇ ಅಲ್ಲ, ಕಟ್ಟಿಸಿಯೂಬಿಟ್ಟರು. ಗುಮ್ಮಟದ ನಡುನೆತ್ತಿ 208 ಅಡಿ ಎತ್ತರ. ಒಳಗೆ ಹದಿನೆಂಟು ಅಂತಸ್ತಿನ ಮನೆ ನಿಲ್ಲಿಸಬಹುದು. ಅಮೆರಿಕದ ಬಾಹ್ಯಾಕಾಶ ಕೇಂದ್ರ ಆಗ ತಾನೇ ಆ ಊರಿಗೆ ಬಂದಿತ್ತು. ಹಾಗಾಗಿ ತಂಡದ ಹೆಸರೂ ಬದಲಾಯಿತು. ಬಂದೂಕಿನ ನೆನಪಿನ ‘ಕೋಲ್ಟ್ ಫಾರ್ಟಿಫೈವ್ಸ್’ ಹೋಗಿ ‘ಆಸ್ಟ್ರೋಸ್’ ಆಯಿತು. ಗಗನಯಾತ್ರಿಗೆ ಇಂಗ್ಲಿಷ್‌ನಲ್ಲಿ ಆಸ್ಟ್ರೋನಾಟ್ ಅನ್ನುತ್ತಾರಲ್ಲ, ಅದೇ ಆಸ್ಟ್ರೋ. ಗುಮ್ಮಟಕ್ಕೆ ಆಸ್ಟ್ರೋಡೋಮ್ ಅಂತ ಹೆಸರು ಬಂತು. ಮೈದಾನ ಗುಡಿಸುವ ಕೆಲಸಗಾರರಿಗೂ ಗಗನಯಾತ್ರಿಯ ವೇಷ ಹಾಕಿಸಿದರು! ಹಾಫ್‌ಹೈನ್ಜ್‌ಗೆ ಜಾತ್ರೆ ಮಾಡುವ ಕಲೆ ಚೆನ್ನಾಗಿ ಗೊತ್ತಿತ್ತು.

1965ರ ಏಪ್ರಿಲ್ 9ರ ರಾತ್ರಿ ಮೊದಲ ಆಟ. ಅದು ಲೆಕ್ಕಕ್ಕಿಲ್ಲದ ಪ್ರದರ್ಶನ ಪಂದ್ಯ, ಎದುರಿಗೆ ನ್ಯೂಯಾರ್ಕ್ ಯಾಂಕೀಸ್. ಅಧ್ಯಕ್ಷ ಲಿಂಡನ್ ಜಾನ್ಸನ್ ಬಂದಿದ್ದರು. ಒಳಗಿನ ಮೊದಲ ಹೋಮ್ ರನ್ ಹೊಡೆದವರು ಯಾಂಕೀಸ್‌ನ ಮಿಕಿ ಮ್ಯಾಂಟಲ್. ನಮ್ಮ ಸಿಕ್ಸರ್ ಇದ್ದ ಹಾಗೆ ಅದು. ಆದರೂ ಆಸ್ಟ್ರೋಸ್ 2–1ರಿಂದ ಗೆದ್ದಿತು.

ರಾತ್ರಿ ಎಲ್ಲ ಚೆನ್ನಾಗಿತ್ತು. ಹಗಲು ಹೊತ್ತಿನದೇ ತಾಪತ್ರಯ.

ಒಳಗೆ ನಿಜವಾದ ಹುಲ್ಲು ಹಾಕಿದ್ದರು. ಹುಲ್ಲಿಗೆ ಬಿಸಿಲು ಬೇಕು. ಅದಕ್ಕೇ ಚಾವಣಿಗೆ ಬೆಳಕು ಬಿಡುವ ಪ್ಲಾಸ್ಟಿಕ್ ಫಲಕಗಳನ್ನು ಜೋಡಿಸಿದ್ದರು, 4,500ಕ್ಕೂ ಜಾಸ್ತಿ. ಹುಲ್ಲಿನ ಮಟ್ಟಿಗೆ ಲೆಕ್ಕ ಸರಿಯಾಗಿತ್ತು. ಆದರೆ ಹಗಲಲ್ಲಿ ಆಟಗಾರ ಕ್ಯಾಚ್ ಹಿಡಿಯಲು ತಲೆ ಎತ್ತಿದರೆ ಕಣ್ಣು ಕೋರೈಸುವ ಬೆಳಕು, ಅದರ ಮಧ್ಯೆ ಕಬ್ಬಿಣದ ಪಟ್ಟಿಗಳ ನೆರಳು. ಬಿಳಿ ಚೆಂಡು ಅದರೊಳಗೆ ಮಾಯ! ಎಲ್ಲಿ ತಲೆ ಮೇಲೆ ಬೀಳುತ್ತದೋ ಅನ್ನುವ ಭಯ ಬೇರೆ. ಬಣ್ಣದ ಚೆಂಡು ತಂದು ನೋಡಿದರು, ಕಪ್ಪು ಕನ್ನಡಕ ಹಾಕಿ ನೋಡಿದರು. ಉಪಯೋಗ ಆಗಲಿಲ್ಲ. ಕೊನೆಗೆ ಫಲಕಗಳಿಗೆ ಬಿಳಿ ಬಣ್ಣ ಹೊಡೆದರು. ಚೆಂಡು ಕಂಡಿತು.

ಹುಲ್ಲು ಸತ್ತಿತು.

ಕೋಟಿಗಟ್ಟಲೆ ಡಾಲರ್ ಸುರಿದ ಕಟ್ಟಡ. ಜಗತ್ತಿನ ಎಂಟನೇ ಅದ್ಭುತ ಅಂತ ಡಂಗುರ ಹೊಡೆದಾಗಿದೆ. ಒಳಗೆ ನೋಡಿದರೆ ಒಣಗಿದ ಹುಲ್ಲು, ಬರೀ ಮಣ್ಣು. ಏನು ಮಾಡುವುದು? ಅದಕ್ಕೇ ಹಸಿರು ಬಣ್ಣ ಬಳಿದರು. ಉಳಿದ ಸೀಸನ್ ಪೂರ್ತಿ ಹಾಗೇ ನಡೆಯಿತು. ನೆಂಟರು ಬರುವ ದಿನ ಗೋಡೆಯ ಬಿರುಕಿಗೆ ಕ್ಯಾಲೆಂಡರ್ ನೇತುಹಾಕುತ್ತೇವಲ್ಲ, ಹಾಗೆ.

ಬಾನುಲಿಯವರಿಗೆ ಇಷ್ಟವಾಗುವ ಒಂದು ಸಂಗತಿ ಹೇಳಲೇಬೇಕು. ಏಪ್ರಿಲ್ 28ರಂದು ನ್ಯೂಯಾರ್ಕ್ ಮೆಟ್ಸ್ ತಂಡದ ವೀಕ್ಷಕ ವಿವರಣೆಕಾರ ಲಿಂಡ್ಸೆ ನೆಲ್ಸನ್ ಅವರನ್ನು ಗುಮ್ಮಟದ ನೆತ್ತಿಯಿಂದ ಇಳಿಬಿಟ್ಟ ತೊಟ್ಟಿಲಲ್ಲಿ ಕೂರಿಸಿದರು. ಮೈದಾನದ ನೆತ್ತಿಯ ಮೇಲೆ ತೂಗಾಡುತ್ತಾ ಅವರು ವಿವರಣೆ ಕೊಟ್ಟರು. ನಾನಂತೂ ಈ ನೆಲದ ಮೇಲಿನ ಕುರ್ಚಿಯಲ್ಲೇ ಆರಾಮಾಗಿದ್ದೇನೆ.

ಇಷ್ಟಕ್ಕೂ ತಂಡ ಹೇಗೆ ಆಡಿತು? ಹಿಂದಿನ ವರ್ಷ ಸೊಳ್ಳೆಗಳ ನಡುವೆ 66 ಪಂದ್ಯ ಗೆದ್ದಿದ್ದರು. ಏಸಿಯಲ್ಲಿ ಗೆದ್ದದ್ದು 65. ಎರಡು ಸಲವೂ ಹತ್ತು ತಂಡಗಳಲ್ಲಿ ಒಂಬತ್ತನೇ ಸ್ಥಾನ. ಹಾಗಂತ ಒಳ್ಳೆಯವರು ಇರಲಿಲ್ಲವೆಂದಲ್ಲ. ಜೋ ಮಾರ್ಗನ್ ಅನ್ನುವ ಎಳೆಯ ಹುಡುಗ ಪೂರ್ತಿ ಸೀಸನ್ ಆಡಿದ್ದು ಅದೇ ಮೊದಲು. ಮುಂದೆ ಅವರು ದೊಡ್ಡ ಹೆಸರು ಮಾಡಿದರು. ಆದರೆ ಜನ ಬಂದದ್ದು ಆಟಕ್ಕಲ್ಲ. 1964ರಲ್ಲಿ ಸುಮಾರು 7 ಲಕ್ಷ 25 ಸಾವಿರ ಮಂದಿ ಬಂದಿದ್ದರು. 1965ರಲ್ಲಿ 21 ಲಕ್ಷ 50 ಸಾವಿರ! ಚಾವಣಿ ನೋಡಲು ಟಿಕೆಟ್ ತೆಗೆದುಕೊಂಡರು, ಆಟ ಸುಮ್ನೆ ಜೊತೆಗೆ ಸಿಕ್ಕಿತು ಅಂತ ನನಗನಿಸುತ್ತದೆ. ಆ ಸೆಪ್ಟೆಂಬರ್ 13ರಂದು ವಿಲ್ಲಿ ಮೇಸ್ ತಮ್ಮ 500ನೇ ಹೋಮ್ ರನ್ ಹೊಡೆದದ್ದೂ ಅಲ್ಲೇ. ಅವರು ಎದುರಾಳಿ ತಂಡದವರು ಅನ್ನುವುದು ಬೇರೆ ಮಾತು.

ಮುಂದಿನ ವರ್ಷಕ್ಕೂ ಮಣ್ಣಿಗೆ ಬಣ್ಣ ಬಳಿಯೋಕೆ ಆಗುತ್ತದಾ? ಮಾನ್ಸಾಂಟೊ ಕಂಪನಿ ‘ಕೆಮ್‌ಗ್ರಾಸ್’ ಅಂತ ನೈಲಾನ್ ಹುಲ್ಲೊಂದನ್ನು ಮಾಡಿತ್ತು. 1966ರಲ್ಲಿ ಅದನ್ನು ತಂದು ಹಾಸಿದರು. ಇಡೀ ಮೈದಾನಕ್ಕೆ ಸಾಲುವಷ್ಟು ಸಿಗಲಿಲ್ಲ. ಹಾಗಾಗಿ ಮೊದಲು ಒಳಭಾಗಕ್ಕೆ, ಜುಲೈನಲ್ಲಿ ಉಳಿದದ್ದಕ್ಕೆ. ಗುಮ್ಮಟದ ಹೆಸರೇ ಹುಲ್ಲಿಗೂ ಅಂಟಿಕೊಂಡಿತು. ಗಗನಯಾತ್ರಿಯ ವೇಷದ ಕೆಲಸಗಾರರು ನೀರಿನ ಪೈಪು ಬಿಟ್ಟು ವ್ಯಾಕ್ಯೂಮ್ ಕ್ಲೀನರ್ ಹಿಡಿದರು.

ನಮಸ್ಕಾರ.