ಬಾಗಿಲ ಹಿಂದೆ ನಿಂತ ಬೆಳ್ಳಿ

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನಾನು ಪಶುವೈದ್ಯೆ ಅಲ್ಲ, ನಾಯಿಗಳಿಗೆ ತರಬೇತಿ ಕೊಡುವವಳೂ ಅಲ್ಲ. ಶೆಲ್ಟರ್‌ನಲ್ಲಿ ಯಾರೂ ಕೇಳದೆ ಉಳಿದುಹೋದ ಮುದಿ ನಾಯಿಗಳನ್ನು ಮನೆಗೆ ತರುತ್ತೇನೆ. ಕೆಲವು ವಾರ, ಒಮ್ಮೊಮ್ಮೆ ಕೆಲವು ತಿಂಗಳು ಇಟ್ಟುಕೊಳ್ಳುತ್ತೇನೆ. ಒಳ್ಳೆಯ ಮನೆ ಸಿಕ್ಕಾಗ ಕಳಿಸಿಕೊಡುತ್ತೇನೆ. ಇದಕ್ಕೆ ಫಾಸ್ಟರ್ ಮಾಡುವುದು ಅನ್ನುತ್ತಾರೆ. ನಮ್ಮ ಪಕ್ಕದ ಮನೆಯವರು ‘ಇಲ್ಲದ ಉಸಾಬರಿ’ ಅನ್ನುತ್ತಾರೆ. ಎರಡೂ ಸರಿಯಾದ ಹೆಸರೇ.

ಇವತ್ತು ಒಂದೇ ನಾಯಿಯ ಕಥೆ ಹೇಳುತ್ತೇನೆ. ಮೂತಿಯೆಲ್ಲ ಬೆಳ್ಳಗಾಗಿತ್ತು, ಅದಕ್ಕೇ ಬೆಳ್ಳಿ ಅಂತ ಕರೆದೆವು. ವಯಸ್ಸು ಸುಮಾರು 11 ಅಂತ ಚೀಟಿಯಲ್ಲಿ ಬರೆದಿದ್ದರು. ಬೆಳೆದ ನಾಯಿಯ ಹಲ್ಲು ನೋಡಿ ಹೇಳುವ ವಯಸ್ಸು ಬರೀ ಅಂದಾಜು, ಆಚೀಚೆ ಆಗಬಹುದು. ನಾಯಿಯ ಒಂದು ವರ್ಷ ಅಂದರೆ ನಮ್ಮ 7 ವರ್ಷ ಅಂತ ಎಲ್ಲರೂ ಕೇಳಿದ್ದೇವೆ, ಅಲ್ವಾ? ಆ ಲೆಕ್ಕ ಸರಿಯಿಲ್ಲ. 2020ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ವಿಜ್ಞಾನಿಗಳು ಲ್ಯಾಬ್ರಡಾರ್ ನಾಯಿಗಳ ಡಿಎನ್ಎ ಮೇಲೆ ವಯಸ್ಸು ಬಿಟ್ಟುಹೋಗುವ ಗುರುತುಗಳನ್ನು ಮನುಷ್ಯರ ಗುರುತುಗಳ ಜೊತೆ ಇಟ್ಟು ನೋಡಿದರು. ಮೊದಲ ವರ್ಷದಲ್ಲೇ ನಾಯಿಗೆ 30ರ ಪ್ರಾಯ ಬಂದುಬಿಡುತ್ತದೆ, ಆಮೇಲೆ ಓಟ ನಿಧಾನ. ಅವರ ಸೂತ್ರದ ಪ್ರಕಾರ 11 ವರ್ಷದ ನಾಯಿ ಹೆಚ್ಚುಕಡಿಮೆ 70ರ ಅಜ್ಜಿ. ಅಂಥ ಅಜ್ಜಿಯನ್ನು ಒಂದು ಸಂಜೆ ವ್ಯಾನಿಗೆ ಹತ್ತಿಸಿ, ಗುರುತಿಲ್ಲದ ನಮ್ಮ ಮನೆಯಲ್ಲಿ ಇಳಿಸಿ ಹೋಗಿದ್ದರು.

ಬೆಳ್ಳಿ ನೆಟ್ಟಗೆ ಹೋಗಿ ರೂಮಿನ ಬಾಗಿಲ ಹಿಂದೆ ನಿಂತಳು. ಗೋಡೆಗೆ ಮೂತಿ, ನಮಗೆ ಬೆನ್ನು. ಬಾಲ ಹೊಟ್ಟೆಗೆ ಅಂಟಿತ್ತು. ಮಲಗಲೂ ಇಲ್ಲ. ನಿಂತಲ್ಲೇ ಕಣ್ಣು ಮುಚ್ಚುವುದು, ಕಾಲು ಕುಸಿಯುವುದು, ಬೆಚ್ಚಿ ಮತ್ತೆ ನಿಲ್ಲುವುದು. ತಟ್ಟೆಯಲ್ಲಿ ಇಟ್ಟ ಊಟ ಇಟ್ಟ ಹಾಗೇ ಇತ್ತು. ರಾತ್ರಿ ಎರಡು ಗಂಟೆಗೆ ಕತ್ತಲಲ್ಲಿ ಲಪ್ ಲಪ್ ಅಂತ ನೀರು ಕುಡಿಯುವ ಸದ್ದು ಕೇಳಿಸಿತು. ನಾನು ಹಾಸಿಗೆಯಲ್ಲಿ ಉಸಿರು ಬಿಗಿ ಹಿಡಿದು ಮಲಗಿದ್ದೆ, ಮಗ್ಗುಲು ಬದಲಿಸಿದರೆ ಎಲ್ಲಿ ನಿಲ್ಲಿಸಿಬಿಡುತ್ತಾಳೋ ಅಂತ.

ಬೆಳಗ್ಗೆ ಎದ್ದು ಒಂದು ನೋಟ್‌ಬುಕ್ ತೆಗೆದು ಬರೆದೆ: ‘ಯಾರೂ ನೋಡದಿದ್ದರೆ ನೀರು ಕುಡಿಯುತ್ತಾಳೆ.’ ಅವಳ ಬಗ್ಗೆ ನನಗೆ ಗೊತ್ತಾದ ಮೊದಲ ವಿಷಯ ಅದು. ಫಾಸ್ಟರ್ ಮಾಡುವವರ ಕೆಲಸ ನಾಯಿಯನ್ನು ಸರಿ ಮಾಡುವುದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ನಮ್ಮ ಕೆಲಸ ಆ ನಾಯಿ ಏನು ಅಂತ ತಿಳಿದುಕೊಳ್ಳುವುದು, ತಿಳಿದದ್ದನ್ನು ಮುಂದಿನ ಮನೆಗೆ ಸುಳ್ಳಿಲ್ಲದೆ ದಾಟಿಸುವುದು. ಈ ಬುದ್ಧಿ ನನಗೆ ಬಂದದ್ದು ಒಂದು ತಪ್ಪು ಮಾಡಿದ ಮೇಲೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲ ದಿನಗಳಲ್ಲಿ ಏನು ಮಾಡಬೇಕು? ಆದಷ್ಟು ಕಡಿಮೆ. ನೆಂಟರನ್ನು ಕರೆಯಬೇಡಿ, ಸ್ನಾನ ಮಾಡಿಸಬೇಡಿ, ಮೂಲೆಯಿಂದ ಎಳೆದು ಮುದ್ದು ಮಾಡಬೇಡಿ. ಮೂರು ದಿನ ಗಾಬರಿ, ಮೂರು ವಾರಕ್ಕೆ ಮನೆಯ ರೂಢಿ, ಮೂರು ತಿಂಗಳಿಗೆ ಇದು ನನ್ನ ಮನೆ ಅನ್ನುವ ಧೈರ್ಯ ಅಂತ ರೆಸ್ಕ್ಯೂ ಮಾಡುವವರಲ್ಲಿ ಒಂದು ಮಾತಿದೆ. ಅದು ಬಾಯಿಲೆಕ್ಕ, ವಿಜ್ಞಾನ ಅಲ್ಲ. ಮುದಿ ನಾಯಿಗಳಿಗೆ ಇನ್ನೂ ಜಾಸ್ತಿ ಬೇಕಾಗಬಹುದು. ಒಂದು ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ: ಹೊರಗಿನ ಬಾಗಿಲು. ಹೆದರಿದ ನಾಯಿ ಕತ್ತಿನ ಪಟ್ಟಿಯಿಂದ ಹಿಂದಕ್ಕೆ ಜಾರಿ ತಪ್ಪಿಸಿಕೊಳ್ಳುತ್ತದೆ. ಓಡಿಹೋದರೆ ಕರೆದರೂ ಬರುವುದಿಲ್ಲ, ನಿಮ್ಮ ದನಿಯೇ ಅದಕ್ಕೆ ಗೊತ್ತಿಲ್ಲ. ಹೊರಗೆ ಕರೆದೊಯ್ಯುವಾಗ ಪಟ್ಟಿಗೂ ಎದೆಗೆ ಸುತ್ತಿ ಕಟ್ಟುವ ಹಾರ್ನೆಸ್‌ಗೂ ಬೇರೆ ಬೇರೆ ಹಗ್ಗ ಇರಲಿ. ಫೋನ್ ನಂಬರ್ ಇರುವ ಬಿಲ್ಲೆ ಮೊದಲ ದಿನವೇ ಹಾಕಿ.

ಹೆದರಿದ ನಾಯಿಗೆ ಸಮಾಧಾನ ಮಾಡಿದರೆ ಹೆದರಿಕೆ ಜಾಸ್ತಿ ಆಗುತ್ತದೆ ಅಂತ ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ. ತಲೆ ಕೆಡಿಸಿಕೊಳ್ಳಬೇಡಿ. ಹೆದರಿಕೆ ಒಂದು ಭಾವನೆ. ಪಕ್ಕದಲ್ಲಿ ಬಂದು ಕೂತರೆ ಅದು ಬೆಳೆಯುವುದಿಲ್ಲ. ಆದರೆ ಹತ್ತಿರ ಬರಬೇಕೋ ಬೇಡವೋ ಅನ್ನುವುದನ್ನು ನಾಯಿಯೇ ತೀರ್ಮಾನಿಸಲಿ. ನಾನು ದಿನಾ ಬಾಗಿಲಿಂದ ನಾಲ್ಕಡಿ ದೂರ, ಅವಳಿಗೆ ಪಕ್ಕ ತಿರುಗಿ ನೆಲದ ಮೇಲೆ ಕೂತು ಪೇಪರ್ ಓದುತ್ತಿದ್ದೆ. ಅವಳು ಸುಮ್ಮಸುಮ್ಮನೆ ಆಕಳಿಸುತ್ತಿದ್ದಳು, ತುಟಿ ನೆಕ್ಕಿಕೊಳ್ಳುತ್ತಿದ್ದಳು, ಬಿಳಿಗುಡ್ಡೆ ಕಾಣುವ ಹಾಗೆ ಓರೆಗಣ್ಣಲ್ಲಿ ನೋಡುತ್ತಿದ್ದಳು. ಇವೆಲ್ಲ ನಿದ್ದೆಯೂ ಅಲ್ಲ, ಹಸಿವೂ ಅಲ್ಲ. ‘ಸಾಕು, ಇನ್ನು ಹತ್ತಿರ ಬರಬೇಡ’ ಅನ್ನುವ ಭಾಷೆ. ಒಂಬತ್ತನೇ ದಿನ ಪೇಪರಿನ ತುದಿಗೆ ಒದ್ದೆ ಮೂಗು ತಾಗಿತು. ಆ ಪುಟದಲ್ಲಿ ಏನಿತ್ತು ಅಂತ ನನಗೆ ಈಗಲೂ ಗೊತ್ತಿಲ್ಲ.

ಸಂಜೆಯಾದರೆ ಮಾತ್ರ ಬೇರೆಯೇ ಕಾಟ. ಕೋಣೆಯಿಂದ ಕೋಣೆಗೆ ಓಡಾಟ, ಏದುಸಿರು, ನಡುರಾತ್ರಿ ಕುಂಯ್‌ಗುಟ್ಟುವುದು. ಆತಂಕದ ನಾಯಿ ಅಲ್ವಾ, ಅದಕ್ಕೇ ಅಂತ ನಾನು ಬಿಟ್ಟುಬಿಟ್ಟಿದ್ದೆ. ಡಾಕ್ಟರ್ ಹಿಂಗಾಲು ಮಡಿಸಿ ನೋಡಿದಾಗ ಅವಳು ತಟ್ಟನೆ ತಲೆ ತಿರುಗಿಸಿದಳು. ಸಂಧಿವಾತ. ಸಾಲದ್ದಕ್ಕೆ ಎರಡು ಹಲ್ಲು ಕೊಳೆತಿದ್ದವು. ನಮ್ಮ ನುಣುಪು ಟೈಲ್ಸ್ ಮೇಲೆ ಕಾಲು ಜಾರುತ್ತಿತ್ತು, ಮಲಗಿದರೆ ಏಳುವಾಗ ನೋವು, ಅದಕ್ಕೇ ಮಲಗಲು ಭಯ. ನಾವು ಅದನ್ನೆಲ್ಲ ಮನಸ್ಸಿನ ಕಾಯಿಲೆ ಅಂದುಕೊಂಡಿದ್ದೆವು! ಮುದಿ ನಾಯಿ ಗಾಬರಿಯಾಗಿದೆ ಅನ್ನಿಸಿದರೆ ಮೊದಲು ನೋವು ಇದೆಯಾ ನೋಡಿಸಿ. ಕಿವಿ, ಕಣ್ಣು ಮಂದವಾಗಿದೆಯಾ ನೋಡಿಸಿ. ಕಿವಿ ಕೇಳದ ನಾಯಿಯನ್ನು ಹಿಂದಿನಿಂದ ಮುಟ್ಟಿದರೆ ಅದು ಕಚ್ಚಿದರೂ ಆಶ್ಚರ್ಯ ಇಲ್ಲ. ಮನುಷ್ಯರ ಮರೆಗುಳಿ ರೋಗದಂಥದ್ದು ನಾಯಿಗಳಿಗೂ ಬರುತ್ತದೆ. ಮೂಲೆಯಲ್ಲಿ ಸಿಕ್ಕಿಹಾಕಿಕೊಂಡು ಹೊರಬರಲು ತಿಳಿಯದೆ ನಿಲ್ಲುವುದು, ಹಗಲು ನಿದ್ದೆ ಇರುಳು ಎಚ್ಚರ, ಮನೆಯೊಳಗೇ ಉಚ್ಚೆ ಹೊಯ್ಯುವುದು, ಇವು ಅದರ ಲಕ್ಷಣ. ಅದಕ್ಕೂ ಔಷಧಿ ಇದೆ. ಪೂರ್ತಿ ವಾಸಿಯಾಗುವುದಿಲ್ಲ, ದಿನಗಳು ಹಗುರ ಆಗುತ್ತವೆ.

ಮಾತ್ರೆ ಅಂದ ಕೂಡಲೇ ಎರಡು ಎಚ್ಚರಿಕೆ. ನಿಮ್ಮ ಡಬ್ಬಿಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ನಾಯಿಗೆ ವಿಷ ಆಗಬಹುದು, ಕೊಡಬೇಡಿ. ಇನ್ನು ಆತಂಕಕ್ಕೆ ಡಾಕ್ಟರ್ ಕೊಡುವ ಫ್ಲುಯಾಕ್ಸೆಟಿನ್ ಥರದ ಮಾತ್ರೆಗಳ ಪರಿಣಾಮ ಕಾಣಲು 4ರಿಂದ 6 ವಾರ ಬೇಕು. ಒಂದು ವಾರ ಕೊಟ್ಟು ‘ಏನೂ ಆಗಲಿಲ್ಲ’ ಅಂತ ನೀವಾಗಿಯೇ ನಿಲ್ಲಿಸಬೇಡಿ. ಬೆಳ್ಳಿಗೆ ಅದು ಬೇಕಾಗಲಿಲ್ಲ. ನೋವಿನ ಔಷಧಿ, ಹಲ್ಲು ಕೀಳಿಸಿದ್ದು, ಅವಳು ಓಡಾಡುವ ದಾರಿಯುದ್ದಕ್ಕೂ ಹಾಸಿದ ರಬ್ಬರ್ ಮ್ಯಾಟ್, ಇಷ್ಟಕ್ಕೇ ರಾತ್ರಿ ಮಲಗಲು ಶುರು ಮಾಡಿದಳು.

ಉಚ್ಚೆ ವಿಷಯ ಬಂತಲ್ಲ. ‘ತಪ್ಪು ಮಾಡಿದ್ದು ಅದಕ್ಕೇ ಗೊತ್ತು, ಮುಖ ನೋಡಿ’ ಅನ್ನುತ್ತಾರೆ. ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನುವ ಸಂಶೋಧಕಿ 2009ರಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ನಾಯಿ ತಪ್ಪು ಮಾಡಿರಲಿ, ಬಿಡಲಿ, ಯಜಮಾನ ಗದರಿದಾಗ ಆ ಮುಖ ಜಾಸ್ತಿ ಕಾಣಿಸಿತು. ಅಂದರೆ ಅದು ನಮ್ಮ ಸಿಟ್ಟಿಗೆ ಕೊಟ್ಟ ಉತ್ತರ. ಬಟ್ಟೆ ತಗೊಂಡು ಒರೆಸಿ, ಹೊರಗೆ ಕರೆದೊಯ್ಯುವುದನ್ನು ಒಂದು ಸಲ ಹೆಚ್ಚು ಮಾಡಿ. ಅಷ್ಟೇ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಎರಡು ತಿಂಗಳಾದ ಮೇಲೆ ಒಂದು ಕುಟುಂಬ ಬಂತು. ಒಳ್ಳೆಯ ಜನ. ಇಬ್ಬರೂ ಕೆಲಸಕ್ಕೆ ಹೋಗುವವರು. ಒಬ್ಬಳೇ ಇದ್ದರೆ ಬೆಳ್ಳಿಗೆ ಆಗುವುದಿಲ್ಲ ಅಂತ ನನಗೆ ಗೊತ್ತಿತ್ತು. ಫೋನಿನ ಕ್ಯಾಮೆರಾ ಇಟ್ಟು ನೋಡಿದ್ದೆ. ಬಾಗಿಲು ಹಾಕಿದ ಐದನೇ ನಿಮಿಷಕ್ಕೆ ಬಾಗಿಲು ಕೆರೆಯಲು ಶುರು, ಇಪ್ಪತ್ತನೇ ನಿಮಿಷಕ್ಕೆ ಊಳು. ಆದರೂ ‘ಸ್ವಲ್ಪ ಅಂಜುಬುರುಕಿ, ನಿಧಾನಕ್ಕೆ ಹೊಂದಿಕೊಳ್ಳುತ್ತಾಳೆ’ ಅಂದೆ. ಮುದಿ ನಾಯಿಯನ್ನು ಕೇಳಿಕೊಂಡು ಬರುವವರೇ ಕಡಿಮೆ, ಬಂದವರು ಎಲ್ಲಿ ಹೋಗಿಬಿಡುತ್ತಾರೋ ಅನ್ನುವ ಭಯ. ಆರನೇ ದಿನ ಫೋನ್ ಬಂತು. ಬಾಗಿಲು ಕೆರೆದು ಕೆರೆದು ಉಗುರು ಕಿತ್ತು ರಕ್ತ ಬಂದಿತ್ತು. ಆ ಹೆಂಗಸು ಫೋನಿನಲ್ಲಿ ಅಳುತ್ತಾ ‘ನಮಗೆ ಮೊದಲೇ ಗೊತ್ತಿದ್ದರೆ’ ಅಂತ ಅಂದು ಅಲ್ಲಿಗೇ ನಿಲ್ಲಿಸಿದರು. ಬೈದಿದ್ದರೆ ವಾಸಿಯಿತ್ತು.

ವಾಪಸ್ ಬಂದವಳು ಸೀದಾ ಬಾಗಿಲ ಹಿಂದೆ ಹೋಗಿ ನಿಂತಳು.

ಇಂಥದ್ದನ್ನು ಕೇಳಿ ‘ಫಾಸ್ಟರ್ ಅಂತ ಅಲ್ಲಿ ಇಲ್ಲಿ ಒಯ್ಯುವುದೇ ಹಿಂಸೆ, ಶೆಲ್ಟರ್‌ನಲ್ಲೇ ಬಿಡಬಹುದಲ್ಲ’ ಅನ್ನುವವರಿದ್ದಾರೆ. ಅದು ಹಾಗಲ್ಲ. ಅಮೆರಿಕದ 5 ಶೆಲ್ಟರ್‌ಗಳಲ್ಲಿ ನಡೆದ ಒಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಒಂದೆರಡು ರಾತ್ರಿ ಮಾತ್ರ ಯಾರದೋ ಮನೆಯಲ್ಲಿ ಕಳೆದ ನಾಯಿಗಳಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಇಳಿಯಿತು. ಮರಳಿ ಶೆಲ್ಟರ್‌ಗೆ ಬಂದಾಗ ಹಿಂದಿನ ಮಟ್ಟಕ್ಕೆ ಏರಿತು, ಅದಕ್ಕಿಂತ ಮೇಲೆ ಹೋಗಲಿಲ್ಲ. ಎರಡು ರಾತ್ರಿಯ ನೆಮ್ಮದಿಯೂ ಲೆಕ್ಕಕ್ಕೆ ಬರುತ್ತದೆ.

ಆಮೇಲೆ ಹೊಸದಾಗಿ ಜಾಹೀರಾತು ಬರೆದೆ. ‘ವಯಸ್ಸು 11ರ ಮೇಲೆ. ಹಿಂಗಾಲು ನೋವು, ದಿನಾ ಮಾತ್ರೆ. ಮನೆಯಲ್ಲಿ ಯಾರಾದರೂ ಇರಲೇಬೇಕು. ಮುದ್ದು ಮಾಡಿಸಿಕೊಳ್ಳುವುದಿಲ್ಲ, ಪಕ್ಕದಲ್ಲಿ ಕೂರುತ್ತಾಳೆ.’ ಇದನ್ನು ಓದಿ ಯಾರು ಬರುತ್ತಾರೆ ಅಂತ ಮನೆಯವರು ನಕ್ಕರು. ಎರಡು ತಿಂಗಳು ಯಾರೂ ಬರಲಿಲ್ಲ ಅನ್ನುವುದೂ ನಿಜ. ಅಷ್ಟರಲ್ಲಿ ನಾನು ಅವಳಿಗೆ ಒಬ್ಬಳೇ ಇರುವುದನ್ನು ಕಲಿಸುತ್ತಿದ್ದೆ. ಹೊರಗೆ ಹೋಗಿ ಹತ್ತು ಸೆಕೆಂಡಿಗೆ ಬರುವುದು, ಆಮೇಲೆ ಅರ್ಧ ನಿಮಿಷ. ಅವಳು ಗಾಬರಿಯಾಗುವ ಮುಂಚೆಯೇ ವಾಪಸ್ ಬರಬೇಕು, ಗುಟ್ಟು ಅಷ್ಟೇ. ನಲವತ್ತು ನಿಮಿಷದವರೆಗೆ ಹೋದೆವು. ಅದಕ್ಕಿಂತ ಮುಂದೆ ಹೋಗಲಿಲ್ಲ, ಅದನ್ನೂ ನೋಟ್‌ಬುಕ್‌ನಲ್ಲಿ ಬರೆದೆ.

ಕೊನೆಗೆ ಒಬ್ಬರು ಬಂದರು. ನಿವೃತ್ತರಾದವರು, ಮನೆ ಬಿಟ್ಟು ಹೆಚ್ಚು ಹೋಗುವವರಲ್ಲ. ಮೊದಲ ಸಲ ಬಂದಾಗ ಬೆಳ್ಳಿಯನ್ನು ಕರೆಯಲೇ ಇಲ್ಲ. ನೋಟ್‌ಬುಕ್ ಪೂರ್ತಿ ಓದಿ, ನೆಲದ ಮೇಲೆ ಸ್ವಲ್ಪ ಹೊತ್ತು ಕೂತು ಎದ್ದುಹೋದರು. ನಾಲ್ಕು ಸಲ ಹಾಗೇ ಬಂದರು. ಕಳಿಸುವಾಗ ಅವಳ ಹಾಸಿಗೆಯನ್ನು ಒಗೆಯದೆ ಹಾಗೇ ಕೊಟ್ಟೆ, ಗುರುತಿನ ವಾಸನೆ ಜೊತೆಗಿರಲಿ ಅಂತ. ತಿನ್ನುತ್ತಿದ್ದ ಆಹಾರವನ್ನೇ ಎರಡು ವಾರಕ್ಕೆ ಆಗುವಷ್ಟು ಕಟ್ಟಿಕೊಟ್ಟೆ. ಹೊಂದದಿದ್ದರೆ ಬೇರೆ ಯಾರಿಗೂ ಕೊಡದೆ ನನಗೇ ವಾಪಸ್ ಕೊಡಬೇಕು ಅಂತ ಬರೆಸಿಕೊಂಡೆ. ಮಾತ್ರೆಯ ಹೊತ್ತು, ಡಾಕ್ಟರ್ ಚೀಟಿ, ಯಾವ ಸದ್ದಿಗೆ ಬೆಚ್ಚುತ್ತಾಳೆ, ಎಲ್ಲ ನೋಟ್‌ಬುಕ್‌ನಲ್ಲೇ ಇತ್ತು. ಅದನ್ನೂ ಕೊಟ್ಟುಬಿಟ್ಟೆ. ಅವತ್ತು ರಾತ್ರಿ ರಬ್ಬರ್ ಮ್ಯಾಟ್‌ಗಳನ್ನು ಸುತ್ತಿಡಲು ಮನಸ್ಸಾಗಲಿಲ್ಲ. ಒಂದು ವಾರ ಅವುಗಳ ಮೇಲೇ ಓಡಾಡಿದೆವು.

ಮೂರನೇ ದಿನ ಅವರಿಂದ ಒಂದು ಫೋಟೋ ಬಂತು. ಒಂದು ಬಾಗಿಲು, ಅದರ ಹಿಂದಿನಿಂದ ಇಣುಕುತ್ತಿರುವ ಅರ್ಧ ಬಾಲ. ಕೆಳಗೆ ಬರೆದಿದ್ದರು: ‘ಇಲ್ಲೂ ಬಾಗಿಲ ಹಿಂದೆಯೇ. ನೀವು ಬರೆದಿದ್ದಿರಲ್ಲ, ಅದಕ್ಕೇ ಮೊದಲೇ ಅಲ್ಲಿ ಹಾಸಿಗೆ ಹಾಕಿಟ್ಟಿದ್ದೆ. ಮಲಗಿದ್ದಾಳೆ.’